ನೊಖದಾನ ನಿಜವಾದ ಹೆಸರು

ಗುರುವಾರ ಬೆಳಿಗ್ಗೆ ಕಡಲತಡಿಯ ಪಟ್ಟಣ ಮುಹರ್ರಕ್‌ನ ವಾಕಿಂಗ್ ಗೆಳೆಯರ ಗ್ರೂಪಿಗೆ ಒಂದು ಮರಣವಾರ್ತೆ ಬಂತು. ರಾಶಿದ್ ಅಬ್ದುಲ್‌ವಹಾಬ್ ಈಸಾ ಅಲ್ಲಾಹನ ಕರುಣೆಗೆ ಸಂದಿದ್ದಾರೆ, ಮಧ್ಯಾಹ್ನದ ನಮಾಜಿನ ನಂತರ ದಫನ.

ಎಲ್ಲರೂ ಒಬ್ಬೊಬ್ಬರಾಗಿ ಪ್ರಾರ್ಥನೆಯ ಮಾತು ಬರೆದರು. ಆಮೇಲೆ ಜಾಬಿರ್ ಬರೆದ: "ನೊಖದಾ, ಇದು ನಿಮ್ಮ ಕೇರಿಯವರಲ್ವೇನೋ? ನಿಂಗೆ ಪರಿಚಯನಾ?" ಉತ್ತರ ಬಾರದಿರಲು ಮತ್ತೆ ಬರೆದ: "ಏ ನೊಖದಾ, ನಾಳೆ ತಿಂಡಿ ನಿಂದು. ಸುಮ್ನಿದ್ಬಿಟ್ರೆ ತಪ್ಪಿಸ್ಕೋಬಹುದು ಅನ್ಕೊಂಡಿದೀಯಾ?"

ಬದ್ರಿಯಾ ಅಡುಗೆಮನೆಯಲ್ಲಿ ನಿಂತೇ ಅದನ್ನು ಓದಿದಳು. ಒಲೆ ಆರಿಸಿದಳು. ಆ ಗುಂಪಿನಲ್ಲಿ ತೀರಿಕೊಂಡವರು ಯಾರೆಂದು ಬಲ್ಲವಳು ಅವಳೊಬ್ಬಳೇ.

"ಜಾಬಿರ್, ರಾಶಿದ್ ಅಂದ್ರೆ ನಮ್ಮ ನೊಖದಾನೇ" ಎಂದು ಬರೆದಳು.

ತಕ್ಷಣ ಜಾಬಿರನ ಫೋನ್ ಬಂತು. "ಅಕ್ಕಾ, ಇಷ್ಟು ವರ್ಷದ ಸ್ನೇಹ. ನಮಗೇ ಗೊತ್ತಿಲ್ಲದ ಹೆಸರು ನಿಮಗೆ ಹೇಗೆ...?"

"ದುಡ್ಡು ಕಳಿಸುವಾಗ ಕಾಣ್ಸುತ್ತಪ್ಪ. ನೀವ್ಯಾರೂ ಓದಲ್ಲ, ಅಷ್ಟೇ."

ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವ ಮನುಷ್ಯನಿಗೆ ಗೆಳೆಯರು ತಮಾಷೆಗಾಗಿ ನೊಖದಾ, ಅಂದರೆ ಹಡಗಿನ ಯಜಮಾನ, ಎಂದು ಹೆಸರಿಟ್ಟಿದ್ದರು. ಅವನು ನಗುತ್ತಲೇ ಅದನ್ನು ಹೊತ್ತುಕೊಂಡಿದ್ದ.

ಕೆಲವು ತಿಂಗಳ ಹಿಂದೆ ವಿಧವೆ ಬದ್ರಿಯಾ ಮೊದಲ ಸಲ ಆ ಗುಂಪಿನೊಡನೆ ನಡೆದ ಶುಕ್ರವಾರ, ಸಮುದ್ರದ ದಂಡೆಯ ಹೋಟೆಲಿನಲ್ಲಿ ಕಡಲೆ, ಬಿಸಿ ರೊಟ್ಟಿ ತಿಂದರು. ಅವಳ ತಂದೆಯ ಕಾಲದಲ್ಲಿ ಬಿಲ್ ಬಂದರೆ ಗೆಳೆಯರು ಕೈ ಹಿಡಿದು ಎಳೆದಾಡುತ್ತಿದ್ದರು, ಆಣೆ ಹಾಕುತ್ತಿದ್ದರು, ಮಾಣಿಯ ಜೇಬಿಗೆ ಕದ್ದು ನೋಟು ತುರುಕುತ್ತಿದ್ದರು. ಈಗ ಆ ಗದ್ದಲವಿಲ್ಲ. ನೊಖದಾ ಫೋನ್ ತೋರಿಸಿ ಮುಗಿಸಿದ. ಉಳಿದವರು ತಮ್ಮ ಫೋನಿನಲ್ಲಿ ಅವನ ಚಿತ್ರದ ಮೇಲೆ ಬೆರಳಿಟ್ಟು ತಮ್ಮ ಪಾಲು ಕಳಿಸಿದರು.

"ನಿಮ್ಮ ನಂಬರ್ ಹೇಳಿ, ನಾನೂ ಕಳಿಸ್ತೀನಿ" ಎಂದಳು ಬದ್ರಿಯಾ.

ಹಿಂದೆ ವಿಧವೆಯೊಬ್ಬಳು ಪರಗಂಡಸಿನ ನಂಬರ್ ಕೇಳಿದ್ದರೆ ಊರೆಲ್ಲ ಆಡಿಕೊಳ್ಳುತ್ತಿತ್ತು. ಈಗ ಅವನು ಮೇಜಿನಾಚೆಯಿಂದ ಜೋರಾಗಿಯೇ ಹೇಳಿದ, ಯಾರೂ ತಲೆಯೆತ್ತಲಿಲ್ಲ. ಅವಳು ಒತ್ತಿದಳು. ಫೋನಿನ ಗಾಜಿನ ಮೇಲೆ ಒಂದು ಹೆಸರು ಮೂಡಿತು.

"ರಾಶಿದ್..." ಅವಳಿಗೇ ಅರಿವಿಲ್ಲದೆ ಮೆಲ್ಲಗೆ ಓದಿದಳು.

ಅವನ ಕೈಯ ರೊಟ್ಟಿ ಅಲ್ಲೇ ನಿಂತಿತು. ಒಮ್ಮೆ ಕಣ್ಣೆತ್ತಿ ನೋಡಿ, ಹುಡುಗನಂತೆ ತಗ್ಗಿಸಿದ. "ಅಮ್ಮ ಹೋದ ಮೇಲೆ ಆ ಹೆಸರು ಯಾರೂ ಕರೆದಿಲ್ಲ ನೋಡಿ."

ಅಂದು ಸಂಜೆಯೇ ಅವಳ ಪಾಲು ವಾಪಸು ಬಂತು. ಜೊತೆಗೊಂದು ಸಾಲು: "ಅತಿಥಿಗಳಿಂದ ತಗೊಳ್ಳಲ್ಲ." ಅವಳು ಮತ್ತೆ ಕಳಿಸಿದಳು: "ನಾನು ಪುಕ್ಕಟೆ ತಿನ್ನಲ್ಲ." ಮತ್ತೆ ವಾಪಸು: "ತಿಂದದ್ದೇ ನಾಲ್ಕು ಕಡಲೆ. ಹಕ್ಕಿಗಳ ಹತ್ತಿರ ದುಡ್ಡು ಇಸ್ಕೊಳ್ಳೋದಾ?"

ಹೀಗೆ ಅದೇ ಪುಟ್ಟ ಮೊತ್ತ ವಾರಗಟ್ಟಲೆ ಅತ್ತಿಂದಿತ್ತ ಓಡಾಡುತ್ತಿತ್ತು. ಶುಕ್ರವಾರ ಎದುರಾದಾಗ ಇಬ್ಬರೂ ಸಲಾಂ ಹೇಳಿ ದೂರ ದೂರ ಕೂರುತ್ತಿದ್ದರು. ಕಣ್ಣಿಗೆ ಕಾಣದ, ಕೈಯಲ್ಲಿ ಹಿಡಿಯಲಾಗದ ಹಣ. ಅದರ ಬೆನ್ನೇರಿ ಒಬ್ಬರ ಮನಸ್ಸು ಇನ್ನೊಬ್ಬರ ಅಂಗೈಗೆ ಬಂದು ಇಳಿಯುತ್ತಿತ್ತು. ಸೃಷ್ಟಿಸಿದವನು ಮನುಷ್ಯನಿಗೆ ಎಂಥ ಬುದ್ಧಿ ಕೊಟ್ಟಿದ್ದಾನೆ ಎಂದು ನಮಾಜಿನ ಚಾಪೆಯ ಮೇಲೆ ಕೂತು ಅವಳು ಬೆರಗಾಗುತ್ತಿದ್ದಳು.

ಕಳೆದ ಶುಕ್ರವಾರ ವಾಪಸು ಬಂದ ಹಣದೊಂದಿಗೆ ಇದ್ದ ಸಾಲು ತಮಾಷೆಯದಾಗಿರಲಿಲ್ಲ. "ಮುಂದಿನ ಶನಿವಾರ ನನ್ನ ಅಕ್ಕನನ್ನು ನಿಮ್ಮ ಮನೆಗೆ ಕಳಿಸಲೇ?"

ಅಕ್ಕ ಬರುವುದೆಂದರೆ ಸಂಬಂಧ ಕೇಳಲು ಬರುವುದು. ಬದ್ರಿಯಾ ಹಲವು ದಿನ ಪ್ರಾರ್ಥಿಸಿದಳು, ಅಳುಕಿದಳು. ಬುಧವಾರ ಬೆಳಿಗ್ಗೆ ಕೊನೆಗೂ ಹಣದ ಜೊತೆ ಒಂದೇ ಮಾತು ಬರೆದಳು: "ಕಳಿಸಿ."

ಹಣ ತಲುಪಿದೆ ಎಂದಿತು ಬ್ಯಾಂಕಿನ ಆ್ಯಪ್. ಓದಿದನೆಂದು ಹೇಳಲಿಲ್ಲ. ಹಾಗೆ ಹೇಳುವ ಗುರುತು ಅದರಲ್ಲಿಲ್ಲ. ಉತ್ತರವೂ ಬರಲಿಲ್ಲ. ಈಗ ಅವಳ ಎದೆಯನ್ನು ಕೊರೆಯುತ್ತಿದ್ದುದು ಅದೊಂದೇ. ತನ್ನ ಮೌನವನ್ನೇ ಉತ್ತರವೆಂದು ತಿಳಿದು ಹೋಗಿಬಿಟ್ಟನೇ?

ಗುರುವಾರ ಸಂಜೆ ಅವಳು ಸಾವಿನ ಮನೆಗೆ ಹೋದಳು. ಹೆಂಗಸರ ಕೋಣೆಯಲ್ಲಿ ಗೋಡೆಯುದ್ದಕ್ಕೂ ಜನ. ಬಾಗಿಲ ಬಳಿ ಜಾಗ ಮಾಡಿಕೊಂಡು ಕೂತಳು. ರಾಶಿದನ ಅಕ್ಕ ಮುನೀರಾ ಬಂದವರಿಗೆಲ್ಲ ಹೇಳುತ್ತಿದ್ದಳು.

"ಚೆನ್ನಾಗೇ ಇದ್ದ ಕಣ್ರಮ್ಮಾ. ನಿನ್ನೆ ಬೆಳಿಗ್ಗೆ ಫೋನ್ ನೋಡ್ತಾ ನೋಡ್ತಾ ಎದ್ದುನಿಂತ. ಸೀದಾ ಕ್ಷೌರಕ್ಕೆ ಹೋದ. ಬಂದು ನನ್ನ ಮುಂದೆ ಕೂತು, 'ಅಕ್ಕಾ, ಶನಿವಾರ ನೀನೊಂದು ಮನೆಗೆ ಹೋಗ್ಬೇಕು. ನನ್ನ ಗೊರಕೆ ವಿಷಯ ಮಾತ್ರ ಬಾಯಿ ಬಿಡ್ಬೇಡ' ಅಂದ. ಯಾರ ಮನೆಯೋ ಅಂದ್ರೆ, 'ಎದ್ದು ಹೇಳ್ತೀನಿ' ಅಂತ ನಗ್ತಾ ಹೋಗಿ ಮಲಗಿದ. ಏಳಲೇ ಇಲ್ಲ. ಯಾರ ಮನೆಯೋ, ಏನೋ."

ಬದ್ರಿಯಾ ತಲೆಯೆತ್ತಿದಳು. ಓದಿದ್ದ! ಓದಿ ನಕ್ಕಿದ್ದ!

ಎದ್ದುಹೋಗಿ ಮುನೀರಾಳ ಮುಂದೆ ಮಂಡಿಯೂರಿದಳು. "ಅಕ್ಕಾ, ನಮ್ಮನೆ ಅದು."

ಮುನೀರಾ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದಳು.

"ಬಾಗಿಲ ಹತ್ರ ಯಾಕೆ ಕೂತೆ, ತಾಯಿ? ಬಾ, ಮನೆಯವರ ಸಾಲಲ್ಲಿ ಕೂತ್ಕೋ."

ಅವಳು ಕೂತಳು. ಇಬ್ಬರೂ ಕೈಯೆತ್ತಿದರು. ಕರುಣಾಮಯನೇ, ನಿನ್ನ ದಾಸ ರಾಶಿದನ ತಪ್ಪುಗಳನ್ನು ಮನ್ನಿಸು. ಅವನ ಗೋರಿಯನ್ನು ಬೆಳಕಿನಿಂದ ತುಂಬು. ಅವನಿಗೆ ಶಾಂತಿಯನ್ನು ಕೊಡು. ಆಮೀನ್.