ಮುಂದಕ್ಕೆ ಸರಿದ ಸೀಟು

ನಮ್ಮ ಹಳೇ ಕಾರಿನ ಬಳಗದವರು ತಮ್ಮ ವಯಸ್ಸನ್ನು ಮುಚ್ಚಿಡುತ್ತಾರೆ, ಕಾರಿನ ವಯಸ್ಸನ್ನು ಕೇಳದಿದ್ದರೂ ಹೇಳುತ್ತಾರೆ. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಸೇರಿ, ಒಬ್ಬರ ಬಾನೆಟ್ಟಿನೊಳಗೆ ಇನ್ನೊಬ್ಬರು ತಲೆ ಹಾಕಿ ಹೊಗಳುವುದೇ ನಮ್ಮ ಕೆಲಸ.

ನನ್ನ ಕಾರಿನ ಸ್ಟೀರಿಂಗ್ ಚಕ್ರವನ್ನು ಎಲ್ಲರೂ ಹೊಗಳುತ್ತಿದ್ದರು. ಅದು ನನ್ನದಲ್ಲ. ಅಂಥದೇ ಕಾರಿದ್ದ ಗೆಳೆಯ ಗಿಡ್ಡಣ್ಣ, ಒಂದು ಪ್ರದರ್ಶನಕ್ಕೆಂದು ತನ್ನ ಕಾರಿನಿಂದ ಬಿಚ್ಚಿಕೊಟ್ಟಿದ್ದ. ಆಮೇಲೆ ಹಾಸಿಗೆ ಹಿಡಿದ.

"ಚಕ್ರ ತಂದ್ಕೊಡೋ. ಒಂದೇ ಒಂದ್ಸಲ ಓಡಿಸ್ಬೇಕು ಅನ್ನಿಸ್ತಿದೆ" ಎಂದು ಮೂರು ಸಲ ಫೋನ್ ಮಾಡಿದ. ನನಗೆ ಹೊಗಳಿಕೆಯ ರುಚಿ ಹತ್ತಿತ್ತು. ಮೂರು ಸಲವೂ "ನಾಳೆ" ಎಂದೆ. ನಾಲ್ಕನೆಯ ಫೋನ್ ಅವನ ಹೆಂಡತಿ, ಅತ್ತಿಗೆಯದು. ಅವನು ತೀರಿಕೊಂಡಿದ್ದ.

ಆ ವಾರದಿಂದ ಕಾರು ಹತ್ತಿದಾಗಲೆಲ್ಲ ನನ್ನ ಮೊಣಕಾಲು ಚಕ್ರಕ್ಕೆ ಬಡಿಯತೊಡಗಿತು. ಸೀಟು ಪೂರ್ತಿ ಮುಂದಕ್ಕೆ ಸರಿದಿರುತ್ತಿತ್ತು. ಹಿಂದಕ್ಕೆ ತಳ್ಳಿ, ಬೀಗ ಹಾಕಿ, ಟೀ ಕುಡಿದು ಬಂದರೆ ಮತ್ತೆ ಮುಂದೆ. ಕಾರು ನೆರಳಲ್ಲಿದ್ದರೂ ಚಕ್ರ ಎರಡು ಕಡೆ ಮಾತ್ರ ಬೆಚ್ಚಗಿರುತ್ತಿತ್ತು, ಯಾರೋ ಆಗ ತಾನೇ ಕೈ ತೆಗೆದ ಹಾಗೆ.

"ಆರಡಿ ಆಸಾಮಿ, ಮುದುರ್ಕೊಂಡು ಕೂತು ಓಡಿಸ್ತೀಯಲ್ಲೋ!" ಎಂದು ಬಳಗದ ದಂತವೈದ್ಯ ಹಲ್ಲು ಕಿರಿದ.

ಮರುದಿನವೇ ಚಕ್ರ ಬಿಚ್ಚಿ ಗಿಡ್ಡಣ್ಣನ ಮನೆಗೆ ಒಯ್ದೆ. ಅತ್ತಿಗೆ ಗ್ಯಾರೇಜಿನ ಬೀಗ ತೆಗೆದರು.

"ಬೀಗದ ಕೈ ನನ್ನ ಹತ್ರಾನೇ ಇರತ್ತೆ ಕಣಪ್ಪ. ಆದ್ರೂ ಧೂಳು ಒರೆಸೋಕೆ ಬಂದಾಗೆಲ್ಲ ಸೀಟು ಹಿಂದಕ್ಕೆ ಹೋಗಿರತ್ತೆ. ಅವರಿಗೆ ಕಾಲು ಎಟುಕಲ್ಲ ಅಂತ ನಾನು ಮುಂದಕ್ಕೆ ಎಳೆದಿಡ್ತೀನಿ."

ಚಕ್ರ ಜೋಡಿಸಲು ಆ ಸೀಟಿನಲ್ಲಿ ಕೂತೆ. ಅದನ್ನು ಒಂದಿಂಚೂ ಸರಿಸಬೇಕಾಗಲಿಲ್ಲ. ನನ್ನ ಕಾಲಿಗೆ ಸರಿಯಾಗಿತ್ತು.