ಏಳನೇ ಪುಟದಲ್ಲಿ ಸತ್ತವನು

ಅವಳು ಬೆಳಗಿನ ಪತ್ರಿಕೆಯ ಏಳನೇ ಪುಟ ತೆರೆದಳು. ಅವನ ಫೋಟೊ, ಸುತ್ತ ಕಪ್ಪು ಚೌಕಟ್ಟು. ಕೆಳಗೆ ಅವಳೇ ಬರೆದ ಬರಹ.

ಅವಳ ಕೆಲಸವೇ ಅಂಥದ್ದು. ಹೆಸರಾಂತ ಕಥೆಗಾರರು, ಗಾಯಕಿಯರು, ನಟರು, ಆಟಗಾರರು ಗಟ್ಟಿಮುಟ್ಟಾಗಿರುವಾಗಲೇ ಅವರ ಶ್ರದ್ಧಾಂಜಲಿ ಬರೆದು ಕಂಪ್ಯೂಟರಿನಲ್ಲಿ ಇಡುವುದು. ಸುದ್ದಿ ಬಂದ ದಿನ ತಾರೀಖು ಸೇರಿಸಿ ಅಚ್ಚಿಗೆ ಕಳಿಸಿದರಾಯಿತು. ಆಫೀಸಿನವರು ಅವಳನ್ನು ‘ಚಿತ್ರಗುಪ್ತೆ’ ಎಂದು ರೇಗಿಸುತ್ತಿದ್ದರು.

ಅವನದನ್ನು ಬರೆದು ಎರಡು ವರ್ಷವಾಗಿತ್ತು. ಅವನು ಆಟ ಬಿಟ್ಟು ಪತ್ರಿಕೆಗೆ ಅಂಕಣ ಬರೆಯುತ್ತಿದ್ದ ಗೋಲ್‌ಕೀಪರ್. ಪ್ರತಿ ಬುಧವಾರ ತಾನೇ ತಂದುಕೊಡುತ್ತಿದ್ದ. ಮೇಲ್ ಮಾಡಬಹುದಲ್ಲ ಎಂದು ಅವಳು ಕೇಳಿದರೆ, ಮೇಲ್‌ಗೆ ಯಾರೂ ಕಾಫಿ ಕೊಡುವುದಿಲ್ಲವಲ್ಲ ಎನ್ನುತ್ತಿದ್ದ. ನಕ್ಕಾಗ ಅವನ ಹುಬ್ಬಿನ ಮೇಲಿನ ಹೊಲಿಗೆ ಗುರುತು ಮೇಲೇರುತ್ತಿತ್ತು. ಅವಳು ಥಟ್ಟನೆ ಸ್ಕ್ರೀನ್ ಕಡೆ ತಿರುಗಿಬಿಡುತ್ತಿದ್ದಳು.

ಇಂಥ ಬರಹವನ್ನು ಆ ಮನುಷ್ಯ ಸಾಯುವವರೆಗೆ ಯಾರೂ ಓದುವುದಿಲ್ಲ. ಆ ಧೈರ್ಯದಲ್ಲಿ ಕೊನೆಗೊಂದು ಪ್ಯಾರಾ ಸೇರಿಸಿದ್ದಳು, ಆಮೇಲೆ ಅಳಿಸಿದರಾಯಿತೆಂದು. ಅಳಿಸಿರಲಿಲ್ಲ. ಈಗ ಊರಿಗೆ ಊರೇ ಅದನ್ನು ಓದುತ್ತಿತ್ತು. ನಾಚಿಕೊಳ್ಳೋಣವೆಂದರೆ ಅವನೇ ಇರಲಿಲ್ಲ.

ಫೋನ್ ಮಾಡಿದಳು. ಸ್ವಿಚ್ ಆಫ್. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಕ್ಕನದು ಮೆಟ್ಟಿಕೊಂಡು ಆಫೀಸಿಗೆ ಓಡಿದಳು.

ಅವಳ ಕುರ್ಚಿಯಲ್ಲಿ ಅವನು ಕೂತಿದ್ದ. ಮುಂದೆ ಏಳನೇ ಪುಟ ಹರಡಿತ್ತು. ಅವಳು ನೇರ ಅವನ ಮುಂದೆ ಹೋಗಿ ನಿಂತಳು.

“ಫೋನ್ ಯಾಕೆ ಆಫ್ ಮಾಡಿದ್ದೆ? ಎಲ್ಲಿ ಸತ್ತಿದ್ದೆ ನೀನು?” ಇಷ್ಟು ದಿನದ ‘ನೀವು’ ಎಲ್ಲಿ ಹೋಯಿತೋ.

“ಏಳನೇ ಪುಟದಲ್ಲಿ,” ಎಂದ ಅವನು.

ಆಮೇಲೆ ವಿಷಯ ತಿಳಿಸಿದ. ತೀರಿಕೊಂಡದ್ದು ಎಂಬತ್ತು ದಾಟಿದ ಬೇರೊಬ್ಬ ಗೋಲ್‌ಕೀಪರ್. ಪುಟ ಕಟ್ಟುವವರು ಗೋಲ್‌ಕೀಪರ್ ಎಂದು ಹುಡುಕಿ, ಮೊದಲು ಸಿಕ್ಕಿದ್ದನ್ನು ಹಾಕಿಬಿಟ್ಟಿದ್ದರು. ಬೆಳಗಿನಿಂದ ಸಮಾಧಾನ ಹೇಳುವವರ ಕರೆ. ಇಲ್ಲೇ ಕೂತು ತಿಂಡಿ ತಿನ್ನುತ್ತಿದ್ದಾನೆ ಎಂದು ಹೇಳಿ ಹೇಳಿ ಅವನ ಅಮ್ಮನಿಗೆ ಗಂಟಲು ಕಟ್ಟಿತ್ತು. ಅದಕ್ಕೇ ಫೋನ್ ಆಫ್. ಸಂಪಾದಕರು ಕೈಮುಗಿದು, ನಾಳೆಗೆ ತಿದ್ದುಪಡಿ ಹಾಕುತ್ತೇವೆ ಎಂದು ಹೇಳಿ ಹೋಗಿದ್ದರು.

ಅವನು ಪತ್ರಿಕೆ ಎತ್ತಿಕೊಂಡು ಕೊನೆಯ ಪ್ಯಾರಾ ಮೆಲ್ಲಗೆ ಓದಿದ. ‘ಫೈನಲ್‌ನಲ್ಲಿ ಪೆನಾಲ್ಟಿ ಬಿಟ್ಟ ದಿನ ಇವರು ಖಾಲಿ ಗ್ಯಾಲರಿಯಲ್ಲಿ ಒಬ್ಬರೇ ಕೂತಿದ್ದರು. ಪಕ್ಕ ಹೋಗಿ ಕೂರಬೇಕೆನಿಸಿತು, ಕಾಲು ಮುಂದೆ ಹೋಗಲಿಲ್ಲ. ಈ ಮನುಷ್ಯನನ್ನು ನಾನು ಪ್ರೀತಿಸಿದೆ, ಹೇಳಲಿಲ್ಲ.’

ಅವಳು ತಲೆ ತಗ್ಗಿಸಿದಳು. ರಾಜೀನಾಮೆ ಕೊಡುತ್ತೇನೆ, ಇನ್ನು ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಎಂದಳು.

“ನಿಜವಾಗ್ಲೂ ಸತ್ತಿದ್ರೆ ಇದು ನಂಗೆ ಗೊತ್ತೇ ಆಗ್ತಿರ್ಲಿಲ್ಲ,” ಎಂದ. ದನಿಯಲ್ಲಿ ನಗು ಇರಲಿಲ್ಲ. “ತಿದ್ದುಪಡಿ ನೀವೇ ಬರೀರಿ. ಬದುಕಿದ್ದಾರೆ ಅಂತ ಮೊದಲು. ಆಮೇಲೆ ಇಲ್ಲಿ ‘ಅವಿವಾಹಿತರಾಗಿದ್ದರು’ ಅಂತಿದೆ. ಅದೂ ತಪ್ಪು.”

“ಅದು ಸರಿಯಾಗೇ ಇದೆಯಲ್ಲ.”

“ಇವತ್ತಿಗೆ ಸರಿ. ನೀವು ಮನಸ್ಸು ಮಾಡಿದ್ರೆ ತಪ್ಪಾಗುತ್ತೆ.”

ಅವಳು ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. ಬೆಚ್ಚಗಿತ್ತು, ನಾಡಿ ಹೊಡೆದುಕೊಳ್ಳುತ್ತಿತ್ತು. ಆಗ ಅಳು ಬಂತು. ಎಲ್ಲರೂ ನೋಡುತ್ತಿದ್ದರೂ ಅವಳು ಕೈ ಬಿಡಲಿಲ್ಲ.