ಹೊಸ್ತಿಲಿನ ಕೆಮ್ಮು

ಅಡಿವೆಪ್ಪನವರ ಕಣ್ಸನ್ನೆಗೇ ಉರುಳುವ ಗಾಲಿಕುರ್ಚಿಗೆ ಸಿಕ್ಕಿಸಿದ್ದ ನುಡಿಪೆಟ್ಟಿಗೆ ಆಡಿದ ಮೊದಲ ಮಾತು ‘ನೀರು’. ಸೊಸೆ ನೀಲವ್ವ ಫ್ರಿಜ್ಜಿನಿಂದ ಬಾಟಲಿ ತಂದಳು. ಮುದುಕರ ಕಣ್ಣು ಎದುರಿನ ಗಾಜಿನ ಮೇಲೆ ಮೂಡಿದ ಪದಗಳ ನಡುವೆ ಮತ್ತೆ ಓಡಾಡಿ ಒಂದು ಕಡೆ ನಿಂತಿತು. ‘ಹರವಿ ನೀರು’ ಎಂದಿತು ಪೆಟ್ಟಿಗೆ.

ಮಗ ಮಹಾಂತೇಶ ತೊಡೆ ತಟ್ಟಿ ನಕ್ಕ. “ಭಲೆ! ಮಣ್ಣಿನ ಹರವಿ ಅಂದ್ರ ಈ ಡಬ್ಬಿಗೂ ಗೊತ್ತಾತಲ್ಲ!”

“ನಿಮ್ಮ ಮನಿಯವರ ಪುಣ್ಯಾ ಅದು,” ಎಂದರು ವಾಕ್‌ವಿಜ್ಞಾನಿ ಡಾ. ನಜ್ಮಾ ಕಿತ್ತೂರ. “ಅವರು ಮನಿ ಕಣಜದ ಕೀಲಿ ಕೊಡದಿದ್ರ ಇದಕ್ಕ ಬರೇ ಪುಸ್ತಕದ ಕನ್ನಡ ಬರತಿತ್ತು.”

ನೀಲವ್ವನ ಮುಖ ಅರಳಿತು. ಪಾರ್ಶ್ವವಾಯು ಬಡಿದು ಮಾವನವರ ದನಿ ಉಡುಗಿದ ದಿನದಿಂದ ಆ ಮನೆಯಲ್ಲಿ ಯಾರ ಮುಖವೂ ಅರಳಿರಲಿಲ್ಲ.

ಕಣಜವೆಂದರೆ ಪದಕಣಜ. ಹಿಂದಿನ ಕಾಲದಲ್ಲಿ ಒಂದು ಕಂಪ್ಯೂಟರಿನಲ್ಲಿ ಹತ್ತು ತಂತ್ರಾಂಶಗಳಿದ್ದರೆ, ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಒಲೆಗಳ ಹಾಗೆ, ಪದಕೋಶಗಳೂ ಹತ್ತಿರುತ್ತಿದ್ದವು. ‘ಹರವಿ ತಪ್ಪಲ್ಲ, ಅದು ನಮ್ಮ ಮಾತು’ ಎಂದು ಬರೆಯುವ ತಂತ್ರಾಂಶಕ್ಕೆ ಕಲಿಸಿದರೂ, ಪತ್ರ ಕಳಿಸುವ ತಂತ್ರಾಂಶ ಅದೇ ಮಾತಿನಡಿ ಮತ್ತೆ ಕೆಂಪು ಗೆರೆ ಎಳೆಯುತ್ತಿತ್ತು. ಈ ಗೋಳು ನೀಗಲೆಂದು ಹುಟ್ಟಿದ್ದು ಪದಕಣಜ. ಮನೆಗೊಂದೇ ಕಣಜ. ಎಲ್ಲಿ ಕಲಿಸಿದ ಮಾತಾದರೂ ಅಲ್ಲಿಗೇ ಬಂದು ಬೀಳುತ್ತದೆ. ಯಾವ ತಂತ್ರಾಂಶವಾದರೂ ಅಲ್ಲಿಂದಲೇ ಮೊಗೆದುಕೊಳ್ಳುತ್ತದೆ. ಪದದ ಜೊತೆಗೆ ಅದರ ನಂಟೂ ಇರುತ್ತದೆ: ಅದು ಯಾವ ಮಾತಿನ ಮಗ್ಗುಲಲ್ಲಿ ಕೂರುವುದು, ಯಾರ ವಿಷಯ ಬಂದಾಗ ಏಳುವುದು ಎಂಬ ಗುರುತು. ಆದ್ದರಿಂದಲೇ ನುಡಿಪೆಟ್ಟಿಗೆ ನೀರಿನ ಹಿಂದೆಯೇ ಹರವಿಯನ್ನು ತಂದು ನಿಲ್ಲಿಸಿದ್ದು.

“ಅಜ್ಜಾರ, ನಿಮ್ಮ ಹೆಸರು ಹೇಳ್ರಿ ನೋಡೋಣು,” ಎಂದರು ನಜ್ಮಾ.

ಗಾಜಿನ ಮೇಲೆ ಒಂದು ಹೆಸರು ಮೂಡಿತು. ಅಡಿವೆಪ್ಪನವರ ಕಣ್ಣು ಅಚ್ಚರಿಯಿಂದ ಅಲ್ಲೇ ನಿಂತುಬಿಟ್ಟಿತು. ಕಣ್ಣು ನಿಂತರೆ ಒಪ್ಪಿಗೆ ಎಂದು ತಿಳಿಯುವುದು ಪೆಟ್ಟಿಗೆಯ ಧರ್ಮ. ಅದು ಸ್ಪಷ್ಟವಾಗಿ ನುಡಿಯಿತು: “ನಾನು ಕೆಮ್ಮಪ್ಪ.”

“ಯಾವ ಕೆಮ್ಮಪ್ಪ?” ಮಹಾಂತೇಶ ಮತ್ತೆ ನಕ್ಕ. “ಡಾಕ್ಟರ್ ಬಾಯಾರ, ನಿಮ್ಮ ಡಬ್ಬಿ ನಮ್ಮಪ್ಪಗ ಹೊಸದಾಗಿ ನಾಮಕರಣ ಮಾಡ್ತು ನೋಡ್ರಿ!”

ಮುದುಕರು ನಗಲಿಲ್ಲ. ಕಣ್ಣನ್ನು ಗಾಜಿನಿಂದ ಕಿತ್ತು ನಿಧಾನವಾಗಿ ಸೊಸೆಯ ಕಡೆಗೆ ತಿರುಗಿಸಿದರು. ನೀಲವ್ವ ಫ್ರಿಜ್ಜಿನ ಬಾಟಲಿ ಎತ್ತಿಕೊಂಡು ಹಿತ್ತಲಿಗೆ ನಡೆದುಬಿಟ್ಟಳು.

ನಜ್ಮಾ ಅವಳನ್ನು ಅಲ್ಲಿ ಹುಡುಕಿಕೊಂಡು ಬಂದರು.

“ಬಾಯಾರ, ನನ್ನ ತಂಗಿಗೆ ನಾ ಬರದ ಪತ್ರ ಅದರಾಗ ಹ್ಯಾಂಗ ಹೋದುವು?” ಎಂದು ಕೇಳಿದಳು ನೀಲವ್ವ.

“ಪತ್ರ ಒಂದೂ ಹೋಗಿಲ್ಲವ್ವಾ. ಮಾತಷ್ಟ ಹೋಗ್ಯಾವ. ‘ಮಾವ’ ಅನ್ನೋ ಪದದ ಮಗ್ಗಲದಾಗ ನೀವು ಆ ಹೆಸರು ಬರದೀರಿ. ಒಮ್ಮೆ ಅಲ್ಲ, ಭಾಳ ಸಲ. ಅವರ ಖರೇ ಹೆಸರು ಈ ಮನಿ ಕಣಜದಾಗ ಒಮ್ಮೆನೂ ಬಂದಿಲ್ಲ.”

ಹೇಗೆ ಬಂದೀತು? ಮಾವನ ಹೆಸರನ್ನು ಸೊಸೆ ಬಾಯಿಂದ ಆಡಬಾರದು, ಕೈಯಿಂದ ಬರೆಯಬಾರದು ಎಂಬುದು ಆ ಮನೆತನದ ಕಟ್ಟಳೆ. ಮಗ ಬರೆಯುವುದೇ ಅಪರೂಪ. ಬರೆದರೂ ‘ಅಪ್ಪ’ ಎಂದಷ್ಟೇ. ನೀಲವ್ವ ಕಟ್ಟಳೆಯನ್ನು ಅಕ್ಷರಶಃ ಪಾಲಿಸಿದ್ದಳು. ಹೆಸರು ಬರೆಯದೆ ಅಡ್ಡಹೆಸರು ಬರೆದಿದ್ದಳು. ‘ಇವತ್ತ ಕೆಮ್ಮಪ್ಪನ ಸವಾರಿ ಅಡಿಗಿಮನಿ ಕಡೆ ಬಂತು ನೋಡ’, ‘ಕೆಮ್ಮಪ್ಪ ಕಾವಲಿಗೆ ಕುಂತಾನ, ಬರದದ್ದು ಸಾಕು’. ತಂಗಿ ಓದಿ ಬಿದ್ದು ಬಿದ್ದು ನಗುತ್ತಿದ್ದಳು. ಆ ಹೆಸರಿನಡಿ ಕೆಂಪು ಗೆರೆ ಬಂದಾಗ ‘ಇದು ನಮ್ಮ ಮಾತು’ ಎಂಬ ಗುಂಡಿ ಒತ್ತಿದ್ದೂ ಅವಳೇ.

ಮುದುಕರು ಒಳಗೆ ಬರುವ ಮುನ್ನ ಹೊಸ್ತಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಹೆಣ್ಣುಮಕ್ಕಳಿರುವ ಮನೆಯಲ್ಲಿ ಹಿರಿಯರು ಸದ್ದು ಮಾಡಿ ಬರುವುದು ಊರಿನ ಪದ್ಧತಿ. ಅದು ನೀಲವ್ವನಿಗೂ ಗೊತ್ತಿತ್ತು. ಆದರೆ ಇವರು ಹಿತ್ತಲಿಗೂ ಬಂದು ಕೆಮ್ಮುತ್ತಿದ್ದರು, ಅವಳೊಬ್ಬಳೇ ಕೂತಿದ್ದಾಗಲೂ. ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂದು ಅವಳು ಹಲ್ಲು ಕಡಿಯುತ್ತಿದ್ದಳು.

“ಅದನ್ನ ಅಳಿಸಾಕ ಬರತೈತೇನ್ರಿ?”

“ಒಂದು ಕಡೆ ಅಳಿಸಿದ್ರ ಎಲ್ಲಾ ಕಡೆ ಹೋಗತೈತಿ.” ನಜ್ಮಾ ಮುಂದುವರಿಸಿದರು: “ಅಜ್ಜಾರ ಮನಸಿನಾಗಿಂದ ಅಳಿಸೋ ಯಂತ್ರ ಮಾತ್ರ ನನ್ನ ಕಡೆ ಇಲ್ಲವ್ವಾ. ಇನ್ನೊಂದು ಹೇಳತೀನಿ, ಮನಸಿನಾಗ ಇಟ್ಕೋರಿ. ಮೊದಲ ದಿನಗಳೊಳಗ ಪೆಟಗಿ ಬಿಟ್ಟವರು ಮತ್ತ ಅದರ ಕಡೆ ಹೊಳ್ಳಿ ನೋಡೋದು ಕಷ್ಟ. ಮಾತು ಅಲ್ಲಿಗೆ ಮುಗೀತು.”

ಆ ಸಂಜೆಯೇ ನೀಲವ್ವ ಪದವನ್ನು ಅಳಿಸಿದಳು. ದೇವರ ಜಗಲಿಯ ಮುಂದೆ ದೀಪ ಹಚ್ಚಿ ಕೈ ಮುಗಿದರೆ ಶಿವನ ಮುಖ ನೋಡಲಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುತ್ತಾರೆ. ಅವರ ಕಾಲದ ಮಾತು ಗಾಳಿಗೆ ಹೋಗುತ್ತಿತ್ತು. ಈಗಿನದು ಕಣಜದಲ್ಲಿ ಕಾದು ಕೂತಿರುತ್ತದೆ.

ಅಡಿವೆಪ್ಪನವರು ಪೆಟ್ಟಿಗೆಯ ಕಡೆ ಮತ್ತೆ ನೋಡಲಿಲ್ಲ. ಗಾಜನ್ನು ಎದುರಿಗೆ ತಂದರೆ ಕಣ್ಣು ಮುಚ್ಚಿಕೊಳ್ಳುವರು. ಮಹಾಂತೇಶ ಬೈದ, ರಮಿಸಿದ, ಕೊನೆಗೆ ಸೋತು ಕೆಲಸಕ್ಕೆ ಹೋದ. ಹೀಗೇ ದಿನಗಳು ಉರುಳಿದವು. ಕೊನೆಗೊಂದು ಮಧ್ಯಾಹ್ನ ನೀಲವ್ವ ಅವರ ಪಾದ ಹಿಡಿದು ನೆಲಕ್ಕೆ ಕುಳಿತಳು.

“ಮಾವಾರ, ಆ ಹೆಸರಿಟ್ಟಾಕಿ ನಾನು. ನನ್ನ ತಪ್ಪು ಹೊಟ್ಟಿಯಾಗ ಹಾಕ್ಕೋರಿ. ನನ್ನ ಕೂಡ ಮಾತಾಡಬ್ಯಾಡ್ರಿ, ಆದ್ರ ಮಾತು ಬಿಡಬ್ಯಾಡ್ರಿ.”

ಮುದುಕರು ಕಣ್ಣು ತೆರೆದರು. ಅವಳು ಗಾಜನ್ನು ಎದುರಿಗೆ ಹಿಡಿದಳು. ನೋಟ ಅಲ್ಲಿ ಬಹಳ ಹೊತ್ತು ತಡಕಾಡಿತು.

“ಕೆಮ್ಮು,” ಎಂದಿತು ಪೆಟ್ಟಿಗೆ. ಆಮೇಲೆ, “ಎಲ್ಲಿ?”

“ಅಳಿಸೇನ್ರಿ. ನಿಮ್ಮ ಹೆಸರು ಹಾಕೇನಿ, ನೋಡ್ರಿ.” ಕಟ್ಟಳೆ ಮುರಿದು ಅವಳೇ ‘ಅಡಿವೆಪ್ಪ’ ಎಂದು ಬರೆದಿದ್ದಳು. ಅವರು ಅದರ ಮೇಲೆ ಕಣ್ಣು ನಿಲ್ಲಿಸಲಿಲ್ಲ.

“ಎಲ್ಲಿ?”

ಅವರಿಗೆ ಬೇಕಾದದ್ದು ಯಾವುದು ಎಂದು ನೀಲವ್ವನಿಗೆ ಆಗ ಅರ್ಥವಾಯಿತು. ಅವರ ಕಣ್ಣೆದುರಿಗೇ ಆ ಅಡ್ಡಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಅಡಿಯಲ್ಲಿ ಕೆಂಪು ಗೆರೆ ಬಂತು. ‘ಇದು ನಮ್ಮ ಮಾತು’ ಎಂಬ ಗುಂಡಿ ಒತ್ತುವಾಗ, ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು.

ಪೆಟ್ಟಿಗೆ ತಡೆತಡೆದು, ಒಂದೊಂದೇ ಕಾಳು ಹೆಕ್ಕಿದ ಹಾಗೆ ನುಡಿಯಿತು.

“ಹಿತ್ತಲ... ನೀ ಅಳು... ತವರು...”

ನೀಲವ್ವ ತಲೆ ಎತ್ತಿದಳು. ಮದುವೆಯಾಗಿ ಬಂದ ಹೊಸದರಲ್ಲಿ ತವರು ನೆನೆದು ಹಿತ್ತಲಲ್ಲಿ ಕೂತು ಅಳುತ್ತಿದ್ದುದು ಗಂಡನಿಗೂ ಗೊತ್ತಿರಲಿಲ್ಲ.

“ನಾ ಕೆಮ್ಮು... ನೀ ಕಣ್ಣು ಒರಸು... ಆಮ್ಯಾಲೆ ಬಂದೆ.”

ಮಾತು ಇದ್ದವಳು ಅವಳು, ಆಡಿದವರು ಅವರು.

ಮುದುಕರ ನೋಟ ಗಾಲಿಯ ಮೇಲೊಮ್ಮೆ ಹೋಗಿ ಗಾಜಿಗೆ ಮರಳಿತು. “ಗಾಲಿ ಸಪ್ಪಳಿಲ್ಲ. ಕೆಮ್ಮು ಬರೂದಿಲ್ಲ. ಹೆಸರು ಬೇಕು.”

ಮರುದಿನ ನೀಲವ್ವ ರೊಟ್ಟಿ ತಟ್ಟುತ್ತಿದ್ದಳು. ಒಲೆಯ ಮುಂದೆ ಕೂತರೂ ಮನಸ್ಸು ತಂಗಿಗೆ ಬರೆದ ಒಂದೊಂದು ಸಾಲನ್ನೂ ಹೆಕ್ಕಿ ತರುತ್ತಿತ್ತು. ಕೆನ್ನೆಯಿಂದ ಜಾರಿದ ಹನಿ ಹಿಟ್ಟಿಗೆ ಬಿತ್ತು. ರಬ್ಬರಿನ ಗಾಲಿ ಬಂದದ್ದು ಅವಳಿಗೆ ಕೇಳಿಸಲೇ ಇಲ್ಲ.

“ಕೆಮ್ಮಪ್ಪ ಬಂದಾನ,” ಎಂದಿತು ಪೆಟ್ಟಿಗೆ, ಹೊಸ್ತಿಲ ಆಚೆಯಿಂದ.

ಕುರ್ಚಿ ಅಲ್ಲೇ ನಿಂತಿತ್ತು. ಮುದುಕರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕಾಯುತ್ತಿದ್ದರು. ನೀಲವ್ವ ಅವಸರ ಮಾಡಲಿಲ್ಲ. ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಒಳಗ ಬರ್ರಿ, ಮಾವಾರ.”